ಇಂದಿನ ಧಮ್ಮ ಚಿಂತನೆ: ಒಂದೇ ಜಾಗ, ಇಬ್ಬರು ಯೋಗ್ಯರು



ಕಳೆದ ವಾರ ನಾವು ಮುದಿತಾ ಕುರಿತು ಓದಿದೆವು. ಇನ್ನೊಬ್ಬರ ಏಳಿಗೆ ಕಂಡು ಹಿಗ್ಗುವ ಮನಸ್ಸೇ ಮುದಿತಾ. ಓದುವಾಗ ಎಲ್ಲರೂ ತಲೆದೂಗಿದೆವು. ಆಮೇಲೆ ಹಿರಿಯರೊಬ್ಬರು ಒಂದು ಪ್ರಶ್ನೆ ಕೇಳಿದರು: ಆ ಇನ್ನೊಬ್ಬನ ಏಳಿಗೆ ಆಗಿದ್ದು ನಾನು ಆಸೆಪಟ್ಟ ಜಾಗದಲ್ಲೇ ಆದರೆ? ಜಾಗ ಒಂದೇ ಇದೆ, ಯೋಗ್ಯರು ಇಬ್ಬರಿದ್ದಾರೆ, ಒಬ್ಬ ಒಳಗೆ ಹೋದ, ಇನ್ನೊಬ್ಬ ಹೊರಗೆ ಉಳಿದ. ಹೊರಗೆ ಉಳಿದವನಿಗೆ "ಮುದಿತಾ ಬೆಳೆಸಿಕೋ" ಎಂದು ಹೇಳುವುದು ಧಮ್ಮವೇ?

ಅವತ್ತು ಹೊತ್ತಾಗಿತ್ತು, ಮಾತು ಅಲ್ಲಿಗೇ ನಿಂತಿತು. ಆ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡೇ ಈ ವಾರ ಕಳೆದೆ. ನನಗೆ ಅದು ಸ್ಪಷ್ಟವಾಗಿ ಕಂಡಿದ್ದು ಒಂದು ಫುಟ್‌ಬಾಲ್ ಕತೆಯಲ್ಲಿ. ತಿಪಿಟಕ ಬಿಟ್ಟು ಮೈದಾನಕ್ಕೆ ಯಾಕೆ ಹೋದರು ಮೇಷ್ಟ್ರು ಎನ್ನಬೇಡಿ. ವಾಪಸ್ ಬರುತ್ತೇನೆ.

1970ರ ವಿಶ್ವಕಪ್ ನಡೆದಿದ್ದು ಮೆಕ್ಸಿಕೋದಲ್ಲಿ. ಇಟಲಿಯ ತಂಡದಲ್ಲಿ ಇಬ್ಬರು ಮಿಡ್‌ಫೀಲ್ಡರುಗಳಿದ್ದರು. ಒಬ್ಬ ಸಾಂಡ್ರೋ ಮಾತ್ಸೋಲಾ, ಇನ್ನೊಬ್ಬ ಜಾನ್ನಿ ರಿವೇರಾ. ಇಬ್ಬರೂ ಮಿಲಾನ್ ನಗರದ ಕ್ಲಬ್ಬುಗಳ ಆಟಗಾರರು, ಆದರೆ ಬದ್ಧ ಎದುರಾಳಿ ಕ್ಲಬ್ಬುಗಳು. ಮಾತ್ಸೋಲಾ ಇಂಟರ್‌ನವನು, ರಿವೇರಾ ಎಸಿ ಮಿಲಾನ್‌ನವನು. ವಯಸ್ಸಿನಲ್ಲಿ ಒಂದು ವರ್ಷದ ವ್ಯತ್ಯಾಸವೂ ಇಲ್ಲ. ಮಾತ್ಸೋಲಾನ ತಂದೆಯೂ ದೊಡ್ಡ ಆಟಗಾರ. 1949ರಲ್ಲಿ ಟೊರಿನೊ ತಂಡವನ್ನೇ ಬಲಿ ತೆಗೆದುಕೊಂಡ ಸೂಪೆರ್ಗಾ ವಿಮಾನ ದುರಂತದಲ್ಲಿ ಆ ತಂದೆ ತೀರಿಕೊಂಡಾಗ ಸಾಂಡ್ರೋಗೆ ಆರು ವರ್ಷ.

ಆಟದಲ್ಲಿ ಇಬ್ಬರೂ ಬೇರೆ ಬೇರೆ. ಮಾತ್ಸೋಲಾ ಚುರುಕು, ಚೆಂಡು ಕಾಲಿಗೆ ಅಂಟಿಸಿಕೊಂಡು ನುಗ್ಗುವವನು, ಬೆವರು ಸುರಿಸಿ ಓಡುವವನು. ರಿವೇರಾ ಸಪೂರ ದೇಹದವನು, ಹೆಚ್ಚು ಓಡುವವನಲ್ಲ. ಆದರೆ ಚೆಂಡು ಎಲ್ಲಿಗೆ ಹೋಗಬೇಕು ಎನ್ನುವುದು ಉಳಿದವರಿಗಿಂತ ಒಂದು ಗಳಿಗೆ ಮೊದಲೇ ಅವನಿಗೆ ಕಾಣುತ್ತಿತ್ತು. 1969ರಲ್ಲಿ ಯುರೋಪಿನ ಶ್ರೇಷ್ಠ ಆಟಗಾರನೆಂದು ಬ್ಯಾಲನ್ ಡಿ'ಓರ್ ಪ್ರಶಸ್ತಿ ಪಡೆದವನು ಅವನೇ. ಆದರೂ ಇಟಲಿಯ ಹೆಸರಾಂತ ಕ್ರೀಡಾ ಪತ್ರಕರ್ತ ಜಾನ್ನಿ ಬ್ರೇರಾ ಅವನಿಗೆ "ಪುಟ್ಟ ಪಾದ್ರಿ" ಎಂಬ ಅರ್ಥ ಬರುವ ಅಡ್ಡಹೆಸರಿಟ್ಟು ಅಣಕಿಸುತ್ತಿದ್ದ. ನಾಜೂಕಿನವನು, ಕಷ್ಟದ ಕೆಲಸಕ್ಕೆ ಬಾರದವನು ಎಂಬ ಧಾಟಿ. ಬೆವರಿನ ಕೆಲಸ ಮಾತ್ರ ಕೆಲಸ ಎನ್ನುವವರೂ ಇದ್ದಾರೆ, ಬುದ್ಧಿಯ ಕೆಲಸ ಮಾತ್ರ ಕೆಲಸ ಎನ್ನುವವರೂ ಇದ್ದಾರೆ. ನಮ್ಮ ದೇಶದಲ್ಲಿ ಈ ಎರಡನೆಯವರ ಕಾಟ ಹೆಚ್ಚು, ಅದು ಬೇರೆ ಮಾತು.

ಕೋಚ್ ಫೆರೂಚ್ಚೋ ವಾಲ್ಕರೆಜ್ಜಿ ಅವರ ಲೆಕ್ಕದಲ್ಲಿ ತಂಡದಲ್ಲಿ ಇಂಥ ಆಟಗಾರನಿಗೆ ಇದ್ದದ್ದು ಒಂದೇ ಜಾಗ. ಅವರೊಂದು ಉಪಾಯ ಕಂಡುಕೊಂಡರು. ಮೊದಲರ್ಧ ಮಾತ್ಸೋಲಾ ಆಡಲಿ, ವಿರಾಮದ ನಂತರ ರಿವೇರಾ ಬರಲಿ. ರಿಲೇ ಓಟದಲ್ಲಿ ಕೋಲು ದಾಟಿಸಿದ ಹಾಗೆ. ಪಂದ್ಯದ ಮಧ್ಯೆ ಬದಲಿ ಆಟಗಾರನನ್ನು ಇಳಿಸುವ ಅವಕಾಶ ವಿಶ್ವಕಪ್‌ನಲ್ಲಿ ಬಂದಿದ್ದೇ ಆ ವರ್ಷ, ಅದೂ ಎರಡೇ ಬದಲಿ. ಮೆಕ್ಸಿಕೋ ನಗರ ಇರುವುದು ಸಮುದ್ರ ಮಟ್ಟದಿಂದ 2,200 ಮೀಟರ್‌ಗೂ ಹೆಚ್ಚು ಎತ್ತರದಲ್ಲಿ. ಅಲ್ಲಿ ತೊಂಬತ್ತು ನಿಮಿಷ ಓಡಿದರೆ ಎದೆ ಏದುಸಿರು ಬಿಡುತ್ತದೆ. ಒಬ್ಬ ಎದುರಾಳಿಗಳನ್ನು ದಣಿಸಲಿ, ದಣಿದ ಮೇಲೆ ಇನ್ನೊಬ್ಬ ಬಂದು ದಾರಿ ಹುಡುಕಲಿ ಎಂಬ ಯೋಚನೆ ಕೆಟ್ಟದ್ದೇನಲ್ಲ. ನ್ಯಾಯವಾಗಿಯೂ ಕಾಣುತ್ತದೆ. ಅರ್ಧ ನಿನಗೆ, ಅರ್ಧ ನಿನಗೆ.

ಕ್ವಾರ್ಟರ್‌ಫೈನಲ್‌ನಲ್ಲಿ ಅದು ಫಲ ಕೊಟ್ಟಿತು. ವಿರಾಮಕ್ಕೆ ಮೆಕ್ಸಿಕೋ ಎದುರು 1-1 ಇತ್ತು. ರಿವೇರಾ ಬಂದ, ತಾನೂ ಒಂದು ಗೋಲು ಹೊಡೆದ, ಇಟಲಿ 4-1ರಿಂದ ಗೆದ್ದಿತು. ಜೂನ್ 17ರ ಸೆಮಿಫೈನಲ್ ಪಶ್ಚಿಮ ಜರ್ಮನಿ ವಿರುದ್ಧ. ಆಗಲೂ ವಿರಾಮದಲ್ಲಿ ಮಾತ್ಸೋಲಾ ಹೊರಗೆ, ರಿವೇರಾ ಒಳಗೆ. ಆ ಪಂದ್ಯದ ತುಣುಕುಗಳು ಯೂಟ್ಯೂಬ್‌ನಲ್ಲಿ ಸಿಗುತ್ತವೆ, ನೋಡಿ. ಹೆಚ್ಚುವರಿ ಅರ್ಧ ಗಂಟೆಯಲ್ಲೇ ಐದು ಗೋಲು. 110ನೇ ನಿಮಿಷದಲ್ಲಿ ಜರ್ಮನಿಯ ಮ್ಯುಲರ್ 3-3 ಮಾಡಿದಾಗ ಗೋಲುಕಂಬದ ಪಕ್ಕ ಕಾವಲು ನಿಂತಿದ್ದವನು ರಿವೇರಾ. ಚೆಂಡು ಅವನನ್ನು ದಾಟಿಯೇ ಒಳಗೆ ಹೋಯಿತು. ಗೋಲ್‌ಕೀಪರ್ ಅವನ ಮೇಲೆ ಕೂಗಾಡಿದ. ಮರು ನಿಮಿಷದಲ್ಲೇ ಅದೇ ರಿವೇರಾ ಆಚೆ ತುದಿಗೆ ಹೋಗಿ ಗೆಲುವಿನ ಗೋಲು ಹೊಡೆದ. 4-3.

ನಾಲ್ಕು ದಿನದ ನಂತರ ಫೈನಲ್. ಎದುರಿಗೆ ಪೆಲೆಯ ಬ್ರೆಜಿಲ್. (ಬೆಂಗಳೂರಿನ ಹಲಸೂರು ಕಡೆಯ ಗೌತಮಪುರ ನೋಡಿದವರಿಗೆ ಗೊತ್ತು, ಅಲ್ಲಿ ಭಗವಾನ್ ಬುದ್ಧರ, ಬಾಬಾಸಾಹೇಬರ, ಮದರ್ ತೆರೇಸಾ ಅವರ ಪ್ರತಿಮೆಗಳ ಜೊತೆಗೆ ಪೆಲೆಯ ಪ್ರತಿಮೆಯೂ ಇದೆ. ಆ ಕೇರಿಯ ಹುಡುಗರಿಗೆ ಈ ಕತೆ ನನಗಿಂತ ಚೆನ್ನಾಗಿ ಹೇಳಲು ಬರುತ್ತದೆ.) ವಿರಾಮಕ್ಕೆ 1-1. ರಿವೇರಾ ಬರಬೇಕಾದ ಹೊತ್ತು. ಬರಲಿಲ್ಲ. ಮಾತ್ಸೋಲಾ ಚೆನ್ನಾಗಿ ಆಡುತ್ತಿದ್ದ, ಅವನನ್ನು ತೆಗೆಯಲು ಕೋಚ್‌ಗೆ ಮನಸ್ಸಾಗಲಿಲ್ಲ. ಅದನ್ನು ನಾನು ತಪ್ಪೆನ್ನುವುದಿಲ್ಲ. ಬ್ರೆಜಿಲ್ ಎರಡನೆಯ ಗೋಲು ಹೊಡೆಯಿತು, ಮೂರನೆಯದೂ ಬಿತ್ತು. ಆಗಲೂ ರಿವೇರಾ ಬೆಂಚಿನಲ್ಲೇ. ಪಂದ್ಯ ಕೈಬಿಟ್ಟು, ಇನ್ನು ಆರು ನಿಮಿಷ ಉಳಿದಾಗ ಅವನನ್ನು ಕರೆದು ಇಳಿಸಿದರು. ಹೊರಗೆ ಬಂದವನು ಮಾತ್ಸೋಲಾ ಅಲ್ಲ, ಅವತ್ತು ಇಟಲಿಯ ಏಕೈಕ ಗೋಲು ಹೊಡೆದಿದ್ದ ಬೊನಿನ್ಸೆನ್ಯಾ. ರಿವೇರಾ ಇಳಿದ ಎರಡು ನಿಮಿಷಕ್ಕೆ ಬ್ರೆಜಿಲ್‌ನ ನಾಲ್ಕನೆಯ ಗೋಲು. ವಿಶ್ವದಲ್ಲೇ ಎರಡನೆಯವರಾಗಿ ಊರಿಗೆ ಮರಳಿದ ತಂಡಕ್ಕೆ ರೋಮ್ ವಿಮಾನ ನಿಲ್ದಾಣದಲ್ಲಿ ಸಿಕ್ಕಿದ್ದು ಟೊಮೆಟೊ ಏಟು. ಆ ಆರು ನಿಮಿಷವನ್ನು ಇಟಲಿಯವರು ಇವತ್ತಿಗೂ ಮರೆತಿಲ್ಲ.

ಸೋಲಿಗಾಗಿ ಅಷ್ಟು ಸಿಟ್ಟು ಬಂದಿರಲಿಕ್ಕಿಲ್ಲ. ಆ ಬ್ರೆಜಿಲ್ ಎದುರು ಯಾರಾದರೂ ಸೋಲುತ್ತಿದ್ದರು. ರಿವೇರಾನನ್ನು ಇಳಿಸದೇ ಇದ್ದಿದ್ದರೆ "ಕೋಚ್ ಮಾತ್ಸೋಲಾನನ್ನು ನಂಬಿದರು" ಎನ್ನಬಹುದಿತ್ತು. ವಿರಾಮದಲ್ಲೇ ಇಳಿಸಿದ್ದರೆ "ಕೊಟ್ಟ ಮಾತಿನಂತೆ ನಡೆದರು" ಎನ್ನಬಹುದಿತ್ತು. ಆರು ನಿಮಿಷ ಇದೆರಡೂ ಅಲ್ಲ. "ನಿನಗೂ ಅವಕಾಶ ಕೊಟ್ಟೆವಲ್ಲ" ಎಂದು ನಾಳೆ ಹೇಳಿಕೊಳ್ಳಲು ಬೇಕಾದಷ್ಟು ಮಾತ್ರ ಅದು. ಇದನ್ನು ಇಟಲಿಯವರಿಂದ ಕೇಳಿ ತಿಳಿಯಬೇಕಾದವರು ನಾವಲ್ಲ. ಸಮಿತಿಯಲ್ಲಿ ನಮ್ಮವರೊಬ್ಬರ ಹೆಸರು ಇರುತ್ತದೆ, ಸಭೆಗೆ ಕರೆಯುವುದು ನಿರ್ಣಯ ಆದ ಮೇಲೆ. ವೇದಿಕೆಯಲ್ಲಿ ಕುರ್ಚಿ ಇರುತ್ತದೆ, ಮೈಕು ಕೈಗೆ ಬರುವುದು ಜನ ಎದ್ದು ಹೋಗುವಾಗ. ಆರು ನಿಮಿಷ ಎಷ್ಟು ಉದ್ದ ಎಂದು ನಮಗೆ ಗೊತ್ತು.

ಈಗ ತಿಪಿಟಕಕ್ಕೆ ಬರೋಣ. ದೀಘನಿಕಾಯದಲ್ಲಿ ಸಕ್ಕಪಞ್ಹ ಸುತ್ತ ಇದೆ. ಸಕ್ಕ ಎಂದರೆ ಇಂದ್ರ. 22 ಪ್ರತಿಜ್ಞೆ ಸ್ವೀಕರಿಸಿದ ನಮಗೆ ಇಂದ್ರನ ಕತೆ ಯಾಕೆ ಎಂದು ಪುಸ್ತಕ ಮುಚ್ಚಿಡಬೇಡಿ. ಕೇಳಿದವನನ್ನು ಬಿಡಿ, ಅವನು ಕೇಳಿದ್ದನ್ನು ನೋಡಿ. ಎಲ್ಲರೂ ವೈರವಿಲ್ಲದೆ ಬದುಕಬೇಕೆಂದೇ ಬಯಸುತ್ತಾರೆ, ಆದರೂ ವೈರದಲ್ಲೇ ಬದುಕುತ್ತಾರೆ, ಅವರನ್ನು ಕಟ್ಟಿಹಾಕಿರುವುದು ಯಾವುದು ಎಂಬುದು ಪ್ರಶ್ನೆ. ಭಗವಾನರು ಎರಡು ಹೆಸರು ಹೇಳುತ್ತಾರೆ: ಇಸ್ಸಾ ಮತ್ತು ಮಚ್ಛರಿಯ.

ಇಸ್ಸಾ ಎಂದರೆ ಈರ್ಷ್ಯೆ, ನಮ್ಮ ಹೊಟ್ಟೆಕಿಚ್ಚು. ಮಚ್ಛರಿಯ ಎಂದೊಡನೆ ಕನ್ನಡದ ಕಿವಿಗೆ ಮತ್ಸರ ಎಂದು ಕೇಳುತ್ತದೆ, ಅದೂ ಹೊಟ್ಟೆಕಿಚ್ಚೇ ಅಲ್ಲವೇ ಎನಿಸುತ್ತದೆ. ಅಲ್ಲ. ಪಾಲಿಯಲ್ಲಿ ಮಚ್ಛರಿಯ ಎಂದರೆ ಜಿಪುಣತನ, ನನಗೆ ಸಿಕ್ಕಿದ್ದು ನನಗೇ ಇರಲಿ, ಇನ್ನೊಬ್ಬನಿಗೆ ಹೋಗದಿರಲಿ ಎಂಬ ಬುದ್ಧಿ. ಅದರಲ್ಲಿ ಐದು ಬಗೆ ಹೇಳಿದ್ದಾರೆ, ಮೊದಲನೆಯದೇ ಆವಾಸ ಮಚ್ಛರಿಯ, ಇರುವ ಜಾಗದ ಜಿಪುಣತನ. ಇಸ್ಸಾ ಹೆಚ್ಚಾಗಿ ಜಾಗ ಸಿಗದವನ ರೋಗ, ಮಚ್ಛರಿಯ ಜಾಗ ಸಿಕ್ಕವನ ರೋಗ. ವೈರಕ್ಕೆ ಎರಡೂ ಬೇಕು. ಆದರೆ ಪ್ರವಚನ ಮಾಡುವವರು ಬೆರಳು ತೋರಿಸುವುದು ಮೊದಲನೆಯವನ ಕಡೆಗೆ ಮಾತ್ರ. ಹೊಟ್ಟೆಕಿಚ್ಚು ಎಂಬ ಮಾತು ನಮ್ಮ ಮನೆಗಳಲ್ಲಿ ದಿನಕ್ಕೆ ಹತ್ತು ಸಲ ಕೇಳಿಸುತ್ತದೆ. ಮಚ್ಛರಿಯಕ್ಕೆ ಕನ್ನಡದಲ್ಲಿ ಅಷ್ಟು ಚುಚ್ಚುವ ಒಂದು ಪದವೂ ಇಲ್ಲ. ಇದ್ದ ಮತ್ಸರ ಎಂಬ ಪದವನ್ನೂ ಹೊಟ್ಟೆಕಿಚ್ಚಿನ ಕಡೆಗೇ ಎಳೆದುಕೊಂಡೆವು.

ಇನ್ನೊಂದು ಪದಕ್ಕೂ ನಾವು ಹೀಗೇ ಮಾಡಿದ್ದೇವೆ. ಮೆತ್ತಾ, ಕರುಣಾ, ಮುದಿತಾ ಆದ ಮೇಲೆ ನಾಲ್ಕನೆಯದು ಉಪೇಕ್ಖಾ. ಕನ್ನಡದಲ್ಲಿ ಉಪೇಕ್ಷೆ ಎಂದರೆ ಅಲಕ್ಷ್ಯ, ಕಂಡೂ ಕಾಣದಂತೆ ಇರುವುದು. ಪಾಲಿಯ ಉಪೇಕ್ಖಾ ಅದಕ್ಕೆ ಪೂರಾ ಉಲ್ಟಾ. ಅದು ಚೆನ್ನಾಗಿ ನೋಡುವುದು, ಒಲವು ಮುನಿಸು ಎರಡೂ ಕಣ್ಣಿಗೆ ಕಟ್ಟದ ಹಾಗೆ ನೋಡುವುದು. ಬೆಂಚಿನಲ್ಲಿ ಕೂತವನಿಗೆ ಮುದಿತಾ ಬೇಕು ಎನ್ನುವುದಾದರೆ, ಯಾರು ಆಡಬೇಕೆಂದು ತೀರ್ಮಾನಿಸುವವನಿಗೆ ಅದಕ್ಕೂ ಮೊದಲು ಉಪೇಕ್ಖಾ ಬೇಕು. ಅವನು ಸಮನಾಗಿ ನೋಡಿದ್ದಾನೆ ಎಂಬ ನಂಬಿಕೆ ಇದ್ದರೆ ಸೋತವನಿಗೆ ಹಿಗ್ಗಲು ಅರ್ಧ ದಾರಿ ತೆರೆದಂತೆ. ಶಾಲೆಯಲ್ಲಿ ಪ್ರತಿಭಾ ಕಾರಂಜಿಗೆ ಭಾಷಣಕ್ಕೆ ಒಬ್ಬರನ್ನೇ ಕಳಿಸಬೇಕು, ಇಬ್ಬರು ಹುಡುಗಿಯರು ಚೆನ್ನಾಗಿ ಮಾತಾಡುತ್ತಾರೆ. ಯಾವುದಕ್ಕೆ ಎಷ್ಟು ಅಂಕ ಎಂದು ನಾನು ಮೊದಲೇ ಬೋರ್ಡಿನ ಮೇಲೆ ಬರೆದುಬಿಡುತ್ತೇನೆ. ಆಯ್ಕೆಯಾಗದ ಹುಡುಗಿ ಅಳುತ್ತಾಳೆ, ಅಳದೇ ಇರುತ್ತಾಳೆಯೇ? ಆದರೆ ಮರುದಿನ ಗೆಳತಿಯ ಭಾಷಣ ಕೇಳಿ ತಿದ್ದುವವಳೂ ಅವಳೇ. ನಾನು ಮುದಿತಾ ಪಾಠ ಮಾಡಿರುವುದಿಲ್ಲ.

ಇನ್ನು ನಮ್ಮ ದೊಡ್ಡವರ ಬದುಕಿನ ಒಂದು ಪ್ರಸಂಗ. ಧಾರವಾಡದಲ್ಲಿ ಹುಟ್ಟಿದ ಪಾಲ್ವಣಕರ್ ಬಾಳೂ ತಮ್ಮ ಕಾಲದ ಶ್ರೇಷ್ಠ ಬೌಲರ್. 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡದಲ್ಲಿ ಅತಿ ಹೆಚ್ಚು ಯಶಸ್ಸು ಪಡೆದವರು. ಆದರೂ ಮುಂಬೈಯ ಹಿಂದೂ ತಂಡಕ್ಕೆ ಅವರನ್ನು ನಾಯಕರನ್ನಾಗಿ ಮಾಡಲಿಲ್ಲ, ಕಾರಣ ಜಾತಿ. 1923ರಲ್ಲಿ ಅವರ ತಮ್ಮ ವಿಠ್ಠಲ್ ನಾಯಕರಾದರು. ಅಸ್ಪೃಶ್ಯರೆನಿಸಿಕೊಂಡ ಯುವಕರಿಗೆಲ್ಲ ಬಾಳೂ ವೀರಪುರುಷ. ಯುವಕ ಬಾಬಾಸಾಹೇಬರಿಗೂ ಅವರ ಮೇಲೆ ಅಭಿಮಾನವಿತ್ತು. 1937ರ ಮುಂಬೈ ಪ್ರಾಂತ್ಯದ ಚುನಾವಣೆಯಲ್ಲಿ ಬಾಬಾಸಾಹೇಬರ ಎದುರು ನಿಲ್ಲಿಸಲು ಕಾಂಗ್ರೆಸ್ಸಿಗೆ ಸಿಕ್ಕಿದ್ದು ಇದೇ ಬಾಳೂ. ಬಾಬಾಸಾಹೇಬರು ಗೆದ್ದರು. ನಾನಿದ್ದಿದ್ದರೂ ಅವರಿಗೇ ಮತ ಹಾಕುತ್ತಿದ್ದೆ, ಅದರಲ್ಲಿ ಅನುಮಾನ ಬೇಡ. ನಾನು ಹೇಳುತ್ತಿರುವುದು ಬೇರೆ. ನಮ್ಮವರಿಗೆ ಒಂದೇ ಜಾಗ ಎಂದು ಗೆರೆ ಎಳೆದವರು ಹೊರಗೆ ನಿಂತಿರುತ್ತಾರೆ, ಆ ಗೆರೆಯೊಳಗೆ ನಮ್ಮಲ್ಲಿ ಇಬ್ಬರು ಎದುರುಬದುರು.

ನನಗೆ ಗೊತ್ತಿರುವ ಇಬ್ಬರು ಹುಡುಗರಿದ್ದಾರೆ. ಒಂದೇ ಓದುವ ಕೊಠಡಿಯಲ್ಲಿ ಮೂರು ವರ್ಷ ಒಟ್ಟಿಗೆ ಓದಿದರು, ಒಬ್ಬನ ನೋಟ್ಸ್ ಇನ್ನೊಬ್ಬನಿಗೆ, ಒಂದು ಟೀ ಇಬ್ಬರಿಗೆ. ಮೀಸಲು ಹುದ್ದೆ ಇದ್ದದ್ದು ಒಂದು. ಒಬ್ಬನಿಗೆ ಆಯಿತು, ಇನ್ನೊಬ್ಬ ಕಾಯುವ ಪಟ್ಟಿಯಲ್ಲಿ ಉಳಿದ. ಈಗ ಮಾತಿಲ್ಲ. ಊರೆಲ್ಲ ಎರಡನೆಯವನಿಗೆ ಬುದ್ಧಿ ಹೇಳುತ್ತಿದೆ, ಹೊಟ್ಟೆಕಿಚ್ಚು ಬಿಡಪ್ಪಾ ಎಂದು. ಕೆಲಸ ಸಿಕ್ಕವನನ್ನು ಯಾರೂ ಏನೂ ಕೇಳುತ್ತಿಲ್ಲ. ಅವನ ಕಪಾಟಿನಲ್ಲಿ ಆ ನೋಟ್ಸ್ ಎಲ್ಲ ಹಾಗೇ ಇವೆ. ನನ್ನ ಅಭಿಪ್ರಾಯದಲ್ಲಿ ಮೊದಲು ಹೆಜ್ಜೆ ಇಡಬೇಕಾದವನು ಅವನು. ಮುಂದಿನ ಪರೀಕ್ಷೆ ಬರುವ ಮೊದಲು ಆ ನೋಟ್ಸ್ ಹೊತ್ತುಕೊಂಡು ಗೆಳೆಯನ ಮನೆಗೆ ಹೋಗಬೇಕು. ಬಾಗಿಲು ಹಾಕಿಕೊಂಡರೆ ಮತ್ತೊಮ್ಮೆ ಹೋಗಬೇಕು. ಎರಡನೆಯವನ ಮುದಿತಾ ಆಮೇಲಿನ ಮಾತು.

ಜಾಗ ಎರಡು ಮಾಡಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದೂ ನಾನು ಹೇಳಲಾರೆ. 1974ರ ವಿಶ್ವಕಪ್‌ನಲ್ಲಿ ಅದೇ ವಾಲ್ಕರೆಜ್ಜಿ ಮಾತ್ಸೋಲಾ, ರಿವೇರಾ ಇಬ್ಬರನ್ನೂ ಒಟ್ಟಿಗೆ ಆಡಿಸಿದರು. ಇಟಲಿ ಮೊದಲ ಸುತ್ತಿನಲ್ಲೇ ಮನೆಗೆ ಹೋಯಿತು. ಕೆಲವು ಜಾಗಗಳು ನಿಜಕ್ಕೂ ಒಂದೇ ಇರುತ್ತವೆ.

ಆದರೆ ಆ ಇಬ್ಬರ ಕತೆಯಲ್ಲಿ ನನಗೆ ಬಹಳ ಹಿಡಿಸಿದ್ದು ಮೆಕ್ಸಿಕೋಗೆ ಎರಡು ವರ್ಷ ಮೊದಲಿನದು. ಆಗ ಇಟಲಿಯಲ್ಲಿ ಆಟಗಾರನೊಬ್ಬ ತಾನಾಗಿ ಕ್ಲಬ್ ಬಿಟ್ಟು ಹೋಗುವಂತಿರಲಿಲ್ಲ. ಮಾರಿದರೆ ಹೋಗಬೇಕು, ಇಟ್ಟುಕೊಂಡರೆ ಇರಬೇಕು. 1968ರ ಜುಲೈ 3ರಂದು ಮಿಲಾನ್‌ನಲ್ಲಿ ವಕೀಲ ಸೆರ್ಜೋ ಕಂಪಾನಾ ಅವರ ಜೊತೆ ಸೇರಿ ಕೆಲವು ಆಟಗಾರರು ತಮ್ಮದೇ ಸಂಘ ಕಟ್ಟಿದರು. ಕಟ್ಟಿದವರ ಪಟ್ಟಿಯಲ್ಲಿ ಮಾತ್ಸೋಲಾ ಹೆಸರಿದೆ, ರಿವೇರಾ ಹೆಸರೂ ಇದೆ. ಆಟಗಾರನನ್ನು ಕ್ಲಬ್ಬಿಗೆ ಕಟ್ಟಿಹಾಕುತ್ತಿದ್ದ ಆ ಪದ್ಧತಿ 1981ರಲ್ಲಿ ಕಾನೂನಿನ ಮೂಲಕ ಹೋಯಿತು. ಅಷ್ಟು ಹೊತ್ತಿಗೆ ಇಬ್ಬರೂ ಆಟ ನಿಲ್ಲಿಸಿದ್ದರು, ಲಾಭ ಸಿಕ್ಕಿದ್ದು ಆಮೇಲೆ ಬಂದ ಹುಡುಗರಿಗೆ. ಒಂದು ಜಾಗಕ್ಕೆ ಪೈಪೋಟಿ ಮಾಡುತ್ತಲೇ ಇಬ್ಬರೂ ಒಂದೇ ಕಾಗದಕ್ಕೆ ಸಹಿ ಹಾಕಿದ್ದರು. ನಮ್ಮ ಆ ಇಬ್ಬರು ಹುಡುಗರೂ ಭರ್ತಿಯಾಗದೆ ಉಳಿದ ಬ್ಯಾಕ್‌ಲಾಗ್ ಹುದ್ದೆಗಳ ಬಗ್ಗೆ ಒಂದೇ ಅರ್ಜಿಗೆ ಸಹಿ ಹಾಕಬಹುದು. ಅರ್ಜಿ ನಾನು ಬರೆದುಕೊಡುತ್ತೇನೆ.

ಭಾನುವಾರ ವಂದನೆ ಆದ ಮೇಲೆ ಸಕ್ಕಪಞ್ಹ ಸುತ್ತದ ಆ ಭಾಗ ಓದೋಣ. ಮಚ್ಛರಿಯದ ಐದು ಬಗೆಗಳಲ್ಲಿ ಇನ್ನೂ ನಾಲ್ಕು ಉಳಿದಿವೆ. ಪುಸ್ತಕ ಇರುವವರು ತನ್ನಿ, ಇಲ್ಲದವರಿಗೆ ಜೆರಾಕ್ಸ್ ಮಾಡಿಸಿರುತ್ತೇನೆ.

ಭವತು ಸಬ್ಬ ಮಂಗಲಂ. ಜೈ ಭೀಮ್.