ಆಮೆಗೆ ಬೇಕಾದ ಬಿಸಿ

ನಾಸಿಕ ಸೀಮೆಯ ಗುಡಿಗಳಲ್ಲಿ ದೇವರೆದುರು ನೆಲದ ಮೇಲೆ ಕಲ್ಲಿನ ಆಮೆ ಇರುತ್ತದೆ. ತಾಯಿ ಆಮೆ ಬರಿಯ ನೋಟದಿಂದಲೇ ಮರಿಗಳನ್ನು ಪೊರೆಯುತ್ತದೆಂಬ ನಂಬಿಕೆ ಮರಾಠಿ ಸಂತರ ಅಭಂಗಗಳಲ್ಲೂ ಉಂಟು. ದೇವರ ಕರುಣೆಗೆ ಅದು ಸೊಗಸಾದ ರೂಪಕವೇ. ಆದರೆ ಶುಭವೆಂದು ಮನೆಗೆ ತಂದ ಕೆಂಪುಕಿವಿಯ ಆಮೆಗೆ ನೋಟ ಸಾಲದು. ಅದರ ಮೈ ತನಗೆ ಬೇಕಾದ ಶಾಖವನ್ನು ತಾನೇ ಹುಟ್ಟಿಸಿಕೊಳ್ಳದು. ನೀರು ತಣ್ಣಗಾದರೆ ತಿಂದದ್ದು ಅರಗುವುದಿಲ್ಲ, ಶ್ವಾಸಕೋಶಕ್ಕೆ ಸೋಂಕು ತಗಲಬಹುದು. ಸುಮಾರು 24ರಿಂದ 28 ಡಿಗ್ರಿ ಸೆಲ್ಸಿಯಸ್ ನೀರು, ಮೈಕಾಯಿಸಲು ಇನ್ನೂ ಬೆಚ್ಚಗಿನ ಒಣ ಜಾಗ ಅದಕ್ಕೆ ಬೇಕು. ನಾಸಿಕದ ಚಳಿಗಾಲದ ರಾತ್ರಿಗಳಲ್ಲಿ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯುವುದುಂಟು. ಅಲ್ಲಿ ಹೀಟರ್ ಹಾಕಿ ಥರ್ಮಾಮೀಟರ್ ನೋಡುವುದು ಕೂರ್ಮಪೂಜೆಗಿಂತ ಕಡಿಮೆಯ ಧರ್ಮವೆಂದು ನನಗನ್ನಿಸುವುದಿಲ್ಲ.

ಕೆರೆಯ ಆಮೆಗೆ ಹೀಟರ್ ಇಟ್ಟವರು ಯಾರು ಎಂದು ಕೇಳಬಹುದು. ಕೆರೆಯಲ್ಲಿ ಅದು ಬಿಸಿಲಿಗೂ ಕೆಸರಿಗೂ ತಾನೇ ಸರಿಯುತ್ತದೆ. ಗಾಜಿನ ತೊಟ್ಟಿ ಆ ಸ್ವಾತಂತ್ರ್ಯವನ್ನು ಕಸಿದಿದೆ, ಕಸಿದವರ ಮೇಲೆ ಋಣವಿದೆ. ಹಾಗಾದರೆ ಗೋದಾವರಿಗೆ ಬಿಟ್ಟು ಪುಣ್ಯ ಕಟ್ಟಿಕೊಳ್ಳಬಾರದೇ? ಕೂಡದು. ಕೆಂಪುಕಿವಿಯ ಆಮೆ ಅಮೆರಿಕ ಮೂಲದ ಜೀವಿ; ನಮ್ಮ ಹೊಳೆಗಳ ಆಮೆಗಳ ಆಹಾರಕ್ಕೂ ಬಿಸಿಲ ಜಾಗಕ್ಕೂ ಪೈಪೋಟಿಗಿಳಿಯುತ್ತದೆ. ಬದಲಿಗೆ ನಮ್ಮದೇ ನಕ್ಷತ್ರ ಆಮೆಯನ್ನು ತರೋಣವೆಂದರೆ ಅದನ್ನಂತೂ ಸಾಕುವಂತೆಯೇ ಇಲ್ಲ, 1972ರ ವನ್ಯಜೀವಿ ಕಾಯ್ದೆ ಅದನ್ನು ನಿಷೇಧಿಸಿದೆ. ಕೆಂಪುಕಿವಿಯ ಆಮೆ 20 ವರ್ಷಕ್ಕೂ ಮೀರಿ ಬಾಳಬಲ್ಲದು. ತಂದವರ ಹೊಣೆಯೂ ಅಷ್ಟೇ ಉದ್ದ.