ಆಯ್ಕೆ ಎಂಬ ಸಾಧು ಮಾತು

ಬಲಾತ್ಕಾರದಿಂದ ಆಳುವವನನ್ನು ಗುರುತಿಸುವುದು ಸುಲಭ; ಅವನ ಕೈಯಲ್ಲಿ ಕೋಲಿರುತ್ತದೆ. ನಮ್ಮ ಒಪ್ಪಿಗೆಯನ್ನು ಪಡೆದೇ ಆಳುವವನನ್ನು ಗುರುತಿಸುವುದು ಕಷ್ಟ. ಇಟಲಿಯ ಆಂಟೋನಿಯೊ ಗ್ರಾಮ್ಷಿ ಮುಸೊಲಿನಿಯ ಸೆರೆಮನೆಯಲ್ಲಿ ಕುಳಿತು 1929ರಿಂದ ಬರೆದ ಟಿಪ್ಪಣಿಗಳಲ್ಲಿ ಈ ಎರಡನೆಯ ಬಗೆಯನ್ನು ವಿಚಾರಮಾಡಿದ. ಅದನ್ನೇ ನಾವು ಕನ್ನಡದಲ್ಲಿ ‘ಯಾಜಮಾನ್ಯ’ ಎನ್ನುವುದು. ಉಳ್ಳವರ ಹಿತವೇ ಎಲ್ಲರ ಹಿತವೆಂಬುದು ಶಾಲೆ, ಪತ್ರಿಕೆ, ಮಠಮಂದಿರಗಳ ಮೂಲಕ ಜನರ ಸಾಮಾನ್ಯ ತಿಳಿವಳಿಕೆಯೇ ಆಗಿಬಿಟ್ಟರೆ ಕೋಲಿಗೆ ಕೆಲಸ ಕಡಿಮೆ.

ಕನ್ನಡ ಪಾಠ ಹೇಳುವವನಾದ ನನಗೆ ಮಾತುಗಳ ಮೇಲೆ ಗುಮಾನಿ ಹೆಚ್ಚು. ನವ ಉದಾರವಾದವು ವಿದ್ಯೆಯ ಅಂಗಳಕ್ಕೆ ಕರೆತಂದ ಮಾತುಗಳಲ್ಲಿ ‘ಆಯ್ಕೆ’ ಎಂಬುದು ಬಲು ಸಾಧು. ಅದು ಬೇಡವೆನ್ನುವವರು ಯಾರು? ಈ ಸಾಧು ಮಾತು ಏನೇನು ಮಾಡಬಲ್ಲುದೆಂಬುದನ್ನು ಚಿಲಿ ದೇಶದಲ್ಲಿ ನೋಡಬೇಕು.

1955ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಒಂದು ಸಲಹೆ ಕೊಟ್ಟರು: ಸರಕಾರವೇ ಶಾಲೆ ನಡೆಸಬೇಕೆಂದಿಲ್ಲ, ತಂದೆತಾಯಿಗಳಿಗೆ ಹಣದ ಚೀಟಿ ಕೊಡಲಿ, ಅವರು ಒಪ್ಪಿದ ಶಾಲೆಯನ್ನು ಆರಿಸಿಕೊಳ್ಳಲಿ. 1973ರಲ್ಲಿ ಸೈನ್ಯದ ಬಲದಿಂದ ಅಧಿಕಾರ ಹಿಡಿದ ಪಿನೋಚೆ, 1981ರಲ್ಲಿ ಇದನ್ನು ಹೋಲುವ ಏರ್ಪಾಟು ಮಾಡಿದ. ಶಾಲೆ ಸಾರ್ವಜನಿಕವಾಗಿರಲಿ, ಖಾಸಗಿಯಾಗಿರಲಿ, ಹಾಜರಾದ ಮಕ್ಕಳ ತಲೆಯೆಣಿಸಿ ಸರಕಾರದ ಹಣ ಸಂದಾಯವಾಗತೊಡಗಿತು. ಆಗ ನೂರಕ್ಕೆ 75ಕ್ಕೂ ಹೆಚ್ಚು ಮಕ್ಕಳು ಸಾರ್ವಜನಿಕ ಶಾಲೆಗಳಲ್ಲಿದ್ದರು. 2014ರ ವೇಳೆಗೆ 40ಕ್ಕಿಂತ ಕಡಿಮೆ.

ಇಲ್ಲಿಯವರೆಗೆ ಕೋಲಿನ ಕಥೆ. 1990ರಲ್ಲಿ ಪಿನೋಚೆ ಅಧ್ಯಕ್ಷ ಪದವಿಯಿಂದ ಇಳಿದ, ಏರ್ಪಾಟು ಇಳಿಯಲಿಲ್ಲ. ಚುನಾಯಿತ ಸರಕಾರದ ಕಾಲದಲ್ಲೇ, 1993ರಲ್ಲಿ, ಸರಕಾರದ ಹಣ ಪಡೆಯುವ ಖಾಸಗಿ ಶಾಲೆಗಳು ಅದರ ಮೇಲೆ ಶುಲ್ಕ ವಸೂಲು ಮಾಡುವುದೂ ಸಲೀಸಾಯಿತು. ತೆರುವ ಶಕ್ತಿಗೆ ತಕ್ಕಂತೆ ಮಕ್ಕಳು ಬೇರೆಬೇರೆ ಶಾಲೆಗಳಿಗೆ ಹಂಚಿಹೋದರು. 2006ರಲ್ಲಿ ಪ್ರೌಢಶಾಲೆಯ ಮಕ್ಕಳು, 2011ರಲ್ಲಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಬೀದಿಗಿಳಿದರು. ಕೊನೆಗೆ 2014ರಲ್ಲಿ ಸರಕಾರ ಈ ಶುಲ್ಕವನ್ನೂ, ಲಾಭವನ್ನೂ, ಮಕ್ಕಳನ್ನು ಸೋಸಿ ಸೇರಿಸಿಕೊಳ್ಳುವುದನ್ನೂ ನಿಲ್ಲಿಸಹೊರಟಿತು. ಆಗ ಸ್ಯಾಂಟಿಯಾಗೊ ನಗರದಲ್ಲಿ ಅದರ ವಿರುದ್ಧ ಮೆರವಣಿಗೆ ಹೊರಟವರು ಅದೇ ಶಾಲೆಗಳ ತಂದೆತಾಯಿಗಳು!

ಅವರನ್ನು ಮೂಢರೆಂದುಬಿಡಲು ನಾನು ಒಪ್ಪಲಾರೆ. ಮಕ್ಕಳ ಶಾಲೆ ಮುಚ್ಚೀತೆಂಬ ಭಯ ಅವರಿಗಿತ್ತು. ತನ್ನ ಮಗುವಿಗೆ ಒಳ್ಳೆಯ ಶಾಲೆ ಬಯಸುವುದು ತಾಯಿಯಾದವಳ ಪಾಪವೆ? ಖಂಡಿತ ಅಲ್ಲ. ಆದರೆ ಒಬ್ಬೊಬ್ಬರ ನಿರ್ದೋಷವಾದ ಆಯ್ಕೆಗಳೆಲ್ಲ ಕೂಡಿದಾಗ, ಆರಿಸಿಕೊಳ್ಳಲಾರದವರ ಮಕ್ಕಳಷ್ಟೇ ಉಳಿದ ಶಾಲೆಯೊಂದು ಊರಿನಲ್ಲಿ ಸಿದ್ಧವಾಗಿರುತ್ತದೆ. ಅದನ್ನು ಯಾರೂ ಆರಿಸಿರಲಿಲ್ಲ. ಯಾಜಮಾನ್ಯದ ಜಾಣತನವಿರುವುದು ಇಲ್ಲೇ: ಅದು ನಮ್ಮ ವಾತ್ಸಲ್ಯವನ್ನೇ ತನ್ನ ಕೆಲಸಕ್ಕೆ ದುಡಿಸಿಕೊಳ್ಳುತ್ತದೆ.

2015ರಲ್ಲಿ ಶಾಸನವಾಯಿತು. ಶಾಸನ ಹಂತಹಂತವಾಗಿ ಶುಲ್ಕವನ್ನು ತೊಡೆದುಹಾಕೀತು. ನೆರೆಮನೆಯ ಮಗುವಿನ ಶಾಲೆಯೂ ನನ್ನ ಚಿಂತೆಯೆಂಬ ಭಾವನೆಯನ್ನು ಹುಟ್ಟಿಸಲಾರದು. ಅಂಗಡಿ ಹಿಡಿಸದಿದ್ದರೆ ಗಿರಾಕಿ ಬೇರೆ ಅಂಗಡಿಗೆ ಹೋಗುತ್ತಾನೆ. ಊರ ಕೆರೆ ಕೆಟ್ಟರೆ ಹಾಗೆ ಹೋಗಲಾಗದು. ಎಲ್ಲರೂ ಕೂಡಿ ಹೂಳೆತ್ತಬೇಕು. ಶಾಲೆಯನ್ನು ಅಂಗಡಿಗಿಂತ ಕೆರೆಗೆ ಹೋಲಿಸುವುದೇ ನ್ಯಾಯವೆಂದು ನನಗೆ ತೋರುತ್ತದೆ.