ಆರಂಭದ ದಿನವೋ, ಸಿದ್ಧಿಯ ದಿನವೋ?

ಜನಾಂಗವೊಂದು ತನ್ನ ಚರಿತ್ರೆಯಲ್ಲಿ ಯಾವ ದಿನವನ್ನು ಪರ್ವವೆಂದೆಣಿಸಬೇಕು? ಕಾರ್ಯವು ಸಿದ್ಧಿಸಿದ ದಿನವನ್ನೋ, ಸಿದ್ಧಿಯು ಸಂದೇಹಾಸ್ಪದವಾಗಿದ್ದಾಗಲೇ ಸಂಕಲ್ಪಗೈದ ದಿನವನ್ನೋ? ಲೋಕರೂಢಿಯು ಬಹುಮಟ್ಟಿಗೆ ಜಯದ ಪಕ್ಷವನ್ನೇ ಹಿಡಿಯುವುದು. ಆದುದರಿಂದ ಆಧುನಿಕ ಗ್ರೀಸ್ ದೇಶದ ಪದ್ಧತಿಯು ವಿಚಾರಾರ್ಹವಾಗಿದೆ.

ಗ್ರೀಕರ ಪ್ರಥಮ ರಾಷ್ಟ್ರೀಯ ಪರ್ವವು ಮಾರ್ಚ್ 25. 1821ರಲ್ಲಿ ತುರ್ಕಿ ಸಾಮ್ರಾಜ್ಯದ ವಿರುದ್ಧ ಅವರು ಆಯುಧವೆತ್ತಿದುದರ ಸ್ಮರಣೆಯಿದು, 1838ರಿಂದ ಆಚರಣೆಯಲ್ಲಿದೆ. ಅವರ ಸ್ವಾತಂತ್ರ್ಯವನ್ನು ಯೂರೋಪಿನ ಮಹಾರಾಜ್ಯಗಳು ಲಂಡನ್ನಿನಲ್ಲಿ ಅಂಗೀಕರಿಸಿದುದು 1830ರಲ್ಲಿ. ಆ ದಿನಕ್ಕೆ ಇಂತಹ ಗೌರವವಿಲ್ಲ.

ಎರಡನೆಯ ಪರ್ವವು ಅಕ್ಟೋಬರ್ 28. 1940ರ ಆ ದಿನ ಬೆಳಗಿನ ಜಾವದಲ್ಲಿ ಇಟಲಿಯ ರಾಜಪ್ರತಿನಿಧಿಯು ಪ್ರಧಾನಮಂತ್ರಿ ಮೆಟಾಕ್ಸಾಸನ ಮನೆಗೆ ಬಂದು, ತಮ್ಮ ಸೈನ್ಯಕ್ಕೆ ದೇಶದೊಳಗೆ ಎಡೆಗೊಡಬೇಕೆಂದು ಕೇಳಿದನು. ಹಾಗಾದರೆ ಯುದ್ಧವೇ ಸರಿ ಎಂಬರ್ಥದ ಉತ್ತರವು ಫ್ರೆಂಚ್ ಭಾಷೆಯಲ್ಲಿ ಬಂದಿತು. ಜನರು ಅದನ್ನು 'ಓಹಿ', ಎಂದರೆ 'ಇಲ್ಲ', ಎಂಬ ಒಂದೇ ಪದಕ್ಕೆ ಇಳಿಸಿದರು. ಗ್ರೀಕರು ಇಟಲಿಯ ಸೈನ್ಯವನ್ನು ಆಲ್ಬೇನಿಯದ ಬೆಟ್ಟಗಳಿಗೆ ಹಿಮ್ಮೆಟ್ಟಿಸಿದರಾದರೂ, 1941ರ ಏಪ್ರಿಲಿನಲ್ಲಿ ಜರ್ಮನರು ಅಥೆನ್ಸನ್ನು ಹಿಡಿದರು. ಮುಂದಿನ ಚಳಿಗಾಲದ ಕ್ಷಾಮದಲ್ಲಿ ಸಹಸ್ರಾರು ಮಂದಿ ಹಸಿವಿನಿಂದ ಮಡಿದರು. ನಗರವು ಬಿಡುಗಡೆ ಹೊಂದಿದುದು 1944ರ ಅಕ್ಟೋಬರ್ 12ರಂದು. ಆದರೂ ದೇಶದ ಹಬ್ಬವು 'ಇಲ್ಲ' ಎಂದ ದಿನವೇ.

ನವೆಂಬರ್ 17ರ ಸ್ಮರಣೆಯೂ ಇದೇ ಬಗೆಯದು. 1973ರಲ್ಲಿ ಸೇನಾಧಿಕಾರಿಗಳ ಆಳ್ವಿಕೆಯನ್ನು ಪ್ರತಿಭಟಿಸಿದ ಅಥೆನ್ಸಿನ ಪಾಲಿಟೆಕ್ನಿಕ್ ವಿದ್ಯಾರ್ಥಿಗಳ ಮೇಲೆ, ಬಾಗಿಲನ್ನು ಮುರಿದು ಟ್ಯಾಂಕು ನುಗ್ಗಿತು. ಆ ಆಳ್ವಿಕೆಯು ಉರುಳಿದುದು 1974ರ ಜುಲೈಯಲ್ಲಿ.

ಸೋಲನ್ನು ಕೊಂಡಾಡುವುದು ಅವಿವೇಕವಲ್ಲವೇ ಎಂದು ವಿಮರ್ಶಕರು ಕೇಳಬಹುದು. ಆದರೆ ಫಲವು ಯಾರ ವಶದಲ್ಲಿದೆ? 1827ರಲ್ಲಿ ನವರೀನೋ ಕೊಲ್ಲಿಯಲ್ಲಿ ತುರ್ಕಿ ಮತ್ತು ಈಜಿಪ್ಟಿನ ನೌಕಾಬಲವನ್ನು ನಾಶಗೊಳಿಸಿದವು ಇಂಗ್ಲೆಂಡ್, ಫ್ರಾನ್ಸ್, ರಷ್ಯಗಳ ಹಡಗುಗಳು. ಜಯದಲ್ಲಿ ಅನ್ಯರ ಪಾಲುಂಟು. ಸಂಕಲ್ಪದಲ್ಲಿ ಮಾತ್ರ ಮನುಷ್ಯನು ಸ್ವತಂತ್ರನು.

ಆದರೆ ಸಂಕಲ್ಪವೊಂದೇ ಸಕಲವನ್ನೂ ಪಾವನಗೊಳಿಸಲಾರದು. ಅದೇ 1821ರಲ್ಲಿ ಟ್ರಿಪೊಲಿಟ್ಸ ಪಟ್ಟಣವನ್ನು ಗೆದ್ದ ಗ್ರೀಕರು ಸಾವಿರಾರು ಮುಸಲ್ಮಾನರನ್ನೂ ಯೆಹೂದ್ಯರನ್ನೂ, ಸ್ತ್ರೀಯರು ಮಕ್ಕಳೆನ್ನದೆ, ಸಂಹರಿಸಿದರು. 1940ರಲ್ಲಿ ಪರರಾಜ್ಯಕ್ಕೆ 'ಇಲ್ಲ' ಎಂದ ಮೆಟಾಕ್ಸಾಸನು 1936ರಿಂದ ಸ್ವಜನರ ಬಾಯನ್ನೇ ಕಟ್ಟಿದ್ದ ಸರ್ವಾಧಿಕಾರಿ. ಆ ಪದವನ್ನು ಉಚ್ಚರಿಸಿದವನು ಒಬ್ಬನು; ಹಿಮದಲ್ಲಿಯೂ ಕ್ಷಾಮದಲ್ಲಿಯೂ ಅದರ ಬೆಲೆಯನ್ನು ತೆತ್ತವರು ಲಕ್ಷಾಂತರ ಮಂದಿ. ಪರ್ವವು ಅವರದು.

ಆದುದರಿಂದ ಸಂಕಲ್ಪದ ದಿನವನ್ನು ಪೂಜಿಸುವುದು ಯುಕ್ತವೇ. ಆದರೆ ಅದು ಆತ್ಮಸ್ತುತಿಯ ದಿನವಾಗದೆ ಆತ್ಮಪರೀಕ್ಷೆಯ ದಿನವೂ ಆಗಬೇಕು. ಪೂರ್ವಜರು ಏನನ್ನು ನಿರಾಕರಿಸಿದರೆಂಬುದರ ಜೊತೆಗೆ, ಏನನ್ನು ನಿರಾಕರಿಸದೆ ಹೋದರೆಂಬುದನ್ನೂ ನೆನೆಯುವ ಜನಾಂಗಕ್ಕೇ ಪರ್ವವು ಸಾರ್ಥಕವಾದೀತು.